ಫರಸಿ ಭಟ್ಟಿ ಮತ್ತು ಹಣ್ಣು ತುಂಬಿದ ರೋಸ್ಟ್

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಅದರ ಬುಡಕ್ಕೆ ಒಂದು ಕಲ್ಲಿನ ತುಂಡು ಇಟ್ಟಿದ್ದೇವೆ. ಒಂದು ಬದಿ ಬೂದು ಬಣ್ಣದ ಫರಸಿ, ಇನ್ನೊಂದು ಬದಿ ಸೀದ ರೊಟ್ಟಿಯ ಹಾಗೆ ಕರ್ರಗೆ. ಬಂದವರು ಚಪ್ಪಲಿ ಬಿಡುವಾಗ ಅದನ್ನು ಎಡವುತ್ತಾರೆ, "ಇದೇನ್ರಿ ಇದು, ಒಗೀರಿ ಆ ಕಡಿ" ಅನ್ನುತ್ತಾರೆ. ನಾನು ಎಸೆಯುವುದಿಲ್ಲ. ಬೇಕಾದರೆ ಅವರೇ ಎಡವಿಕೊಳ್ಳಲಿ. ಆ ತುಂಡು ಹೋದ ಕ್ರಿಸ್‌ಮಸ್ಸಿನಲ್ಲಿ ನನ್ನ ಕಿವಿಯ ಪಕ್ಕದಿಂದ ಹಾರಿಹೋದದ್ದು, ಮತ್ತು ಅದರ ಕಥೆ ಹೇಳಲು ಶುರು ಮಾಡಿದರೆ ಬಂದವರ ಚಹಾ ಆರಿಹೋಗುತ್ತದೆ.

ಶಹಾಬಾದಿನವರಿಗೆ ಫರಸಿ ಅಂದರೆ ಏನು ಅಂತ ಬೇರೆ ಊರಿನವರಿಗೆ ತಿಳಿಸುವುದು ಕಷ್ಟ. ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು ಅಂತ ನೀವು ಅಂದುಕೊಂಡಿರುತ್ತೀರಿ. ನಮಗೆ ನೆಲವೂ ಅದೇ, ಮಾಳಿಗೆಯೂ ಅದೇ. ಬಟ್ಟೆ ಒಗೆಯುವುದು ಅದರ ಮೇಲೆ, ಅಡುಗೆಮನೆಯ ಡಬ್ಬಿಗಳು ನಿಲ್ಲುವುದು ಅದರ ಮೇಲೆ. ಸಾಲಾಗಿ ನೆಟ್ಟರೆ ಕಂಪೌಂಡು, ಡಬ್ಬಿಯ ಹಾಗೆ ಜೋಡಿಸಿದರೆ ನೀರಿನ ಟಾಕಿ, ಬೇವಿನ ಮರದ ಕೆಳಗೆ ಅಡ್ಡ ಇಟ್ಟರೆ ಹರಟೆಯ ಕಟ್ಟೆ. ಕೊನೆಗೆ ನಮ್ಮ ಹೆಸರು ಕೊರೆದು ನಮ್ಮ ತಲೆಯ ಹತ್ತಿರ ನೆಡುವುದೂ ಅದನ್ನೇ. ಹೀಗಾಗಿ ಏನಾದರೂ ಕಟ್ಟಬೇಕು ಅಂತ ಬಂದಾಗ ನಮ್ಮ ತಲೆ ಬೇರೆ ಕಡೆ ಹೋಗುವುದೇ ಇಲ್ಲ. ನಾನಂತೂ ಹುಟ್ಟಿದ್ದು ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿ, ದುಡಿದದ್ದು ವಾಡಿ ಜಂಕ್ಷನ್ನಿನಲ್ಲಿ ವ್ಯಾಗನ್ ಫಿಟ್ಟರ್ ಆಗಿ, ಶಹಾಬಾದಿಗೆ ಬಂದು ನೆಲೆಸಿದ್ದು ಮದುವೆಯಾದ ಮೇಲೆ. ಆದರೂ ಈ ಊರಿನ ಫರಸಿಯ ಹುಚ್ಚು ನನಗೂ ಹತ್ತಿತು.

ಮೊದಲು ನನ್ನ ಹೆಂಡತಿ ಎಸ್ತೇರಳ ನಾಲಿಗೆಯ ಬಗ್ಗೆ ಹೇಳಬೇಕು. ಬೈಯುವ ನಾಲಿಗೆ ಅಲ್ಲ, ಅದೂ ಇದೆ, ನಾನು ಹೇಳುತ್ತಿರುವುದು ರುಚಿಯ ನಾಲಿಗೆ. ಅಂಥದ್ದನ್ನು ನಾನು ಎಲ್ಲಿಯೂ ಕಾಣಲಿಲ್ಲ. ಸಾರು ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಜೀರಗಿ ಹಳೇದು" ಅನ್ನುವಳು. ಹೌದೇ ಹೌದು, ಡಬ್ಬಿಯ ತಳದ್ದೇ ಆಗಿರುತ್ತಿತ್ತು. ಒಮ್ಮೆ ಚಿತ್ತಾಪುರದಲ್ಲಿ ನಮ್ಮ ಬೀಗರ ಕಡೆಯ ಮದುವೆಗೆ ಹೋಗಿದ್ದೆವು. ಎರಡು ತುತ್ತು ಪುಲಾವ್ ತಿಂದವಳು ಸೀದಾ ಎದ್ದು ಒಲೆಯ ಹತ್ತಿರ ಹೋಗಿ ಅಡುಗೆಯವನಿಗೆ, "ಅಣ್ಣಾ, ಎಣ್ಣಿ ಎರಡು ಥರದ್ದು ಹಾಕೀರಿ ನೋಡ್ರಿ" ಅಂದಳು. ಆ ಮನುಷ್ಯ ಸೌಟು ಕೆಳಗಿಟ್ಟು, "ಅಕ್ಕಾ, ಮಾಲಕರಿಗೆ ಹೇಳಬ್ಯಾಡ್ರಿ" ಅಂತ ಕೈ ಮುಗಿದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೆ ಒಳಗೊಳಗೆ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಇಂಥವಳ ಗಂಟಲಿಗೆ ಗಡ್ಡೆ ಬಂತು. ಹೈದರಾಬಾದಿಗೆ ಕರೆದುಕೊಂಡು ಹೋದೆವು. ಆಪರೇಷನ್ ಆಯಿತು, ಆಮೇಲೆ ನಮ್ಮ ಕಡೆಯವರು "ಕರೆಂಟ್ ಕೊಡೋದು" ಅನ್ನುವ ರೇಡಿಯೇಷನ್ ಚಿಕಿತ್ಸೆಯೂ ಆಯಿತು. ದೇವರು ದೊಡ್ಡವನು, ಜೀವ ಉಳಿಯಿತು. ದನಿ ಸ್ವಲ್ಪ ಒಡೆಯಿತು, ಬಾಯಿ ಸದಾ ಒಣಗತೊಡಗಿತು, ಮತ್ತು ರುಚಿ ಹೋಯಿತು. ಪೂರ್ತಿ ಹೋಯಿತು. ಉಪ್ಪು, ಹುಳಿ, ಖಾರ, ಸಿಹಿ, ಎಲ್ಲವೂ ಅವಳಿಗೆ ಒದ್ದೆ ಕಾಗದ ಅಗಿದ ಹಾಗೆ. ಡಾಕ್ಟರನ್ನು ಕೇಳಿದರೆ, "ಬರಬಹುದು, ಬರದೇನೂ ಇರಬಹುದು, ಕಾಯಬೇಕು" ಅಂದರು. ಜೀವ ಉಳಿಸಿದವರ ಮುಂದೆ ಹೆಂಡತಿಯ ಸಾರಿನ ರುಚಿಯ ಬಗ್ಗೆ ಇನ್ನೇನು ವಾದ ಮಾಡುವುದು? ನಮಸ್ಕಾರ ಮಾಡಿ ಬಂದೆ.

ಅಡುಗೆಮನೆ ನನ್ನ ಕೈಗೆ ಬಂತು. ವ್ಯಾಗನ್ನಿನ ಬ್ರೇಕು ಬಿಚ್ಚಿ ಜೋಡಿಸಿದ ಕೈಗೆ ಒಗ್ಗರಣೆ ಯಾವ ಲೆಕ್ಕ ಅಂದುಕೊಂಡಿದ್ದೆ. ಮೊದಲ ದಿನ ನಾನು ಮಾಡಿದ ಉಪ್ಪಿಟ್ಟನ್ನು ಹೊರಗೆ ಮಲಗುವ ನಾಯಿ ಮೂಸಿ ನೋಡಿ, ನನ್ನ ಮುಖವನ್ನೂ ನೋಡಿ, ಎದ್ದು ಹೋಯಿತು. ಎಸ್ತೇರ್ ಅದನ್ನೇ ನೀರು ಕುಡಿಯುತ್ತಾ ಒಂದೊಂದೇ ಚಮಚ ನುಂಗಿದಳು. ಪೂರ್ತಿ ನುಂಗಿ, "ಚಲೋ ಆಗ್ಯಾದ್ರಿ" ಅಂದಳು.

ನೋಡಿ, ಅದೊಂದು ಮಾತಿಗೆ ನನಗೆ ಆದ ಸಂಕಟ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಮದುವೆಯಾದಾಗಿನಿಂದ ಆ ಬಾಯಲ್ಲಿ ಒಂದು ಅಡುಗೆಗೂ "ಚಲೋ" ಅನ್ನುವ ಮಾತು ಪುಕ್ಕಟೆ ಬಂದಿರಲಿಲ್ಲ. ಈಗ ಎಲ್ಲದಕ್ಕೂ ಬಂತು. ಸೀದ ಅನ್ನಕ್ಕೆ ಚಲೋ, ಉಪ್ಪು ಸುರಿದ ಬೇಳೆಗೆ ಚಲೋ. ನಾನು ಮೂರೂ ಹೊತ್ತು ಹೊಗಳಿಸಿಕೊಂಡು ಸೊರಗಿಹೋದೆ. ಪಕ್ಕದ ಮನೆಯ ಶರಣಪ್ಪನ ಹತ್ತಿರ ಇದನ್ನು ಹೇಳಿಕೊಂಡಾಗ ಆತ, "ಹೊಗಳಿದ್ರ ಅಳೋ ಗಂಡಸನ್ನ ನಾ ಇಲ್ಲೇ ನೋಡಿದ್ದು ಬಿಡಪ್ಪ" ಅಂದ. ನಗಿಸಲಿಕ್ಕೆ ಹೇಳಿದ್ದು. ಇಬ್ಬರೂ ನಗಲಿಲ್ಲ.

ಶರಣಪ್ಪ ಯಾರು ಅಂತ ಹೇಳಲಿಲ್ಲ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಸೇಡಂ ತಾಲೂಕಿನ ಮುಧೋಳದ ಕಡೆ ಒಂದಿಷ್ಟು ಹೊಲ ಇದೆ, ಇಲ್ಲಿ ಫರಸಿಯ ವ್ಯಾಪಾರ ಇತ್ತು, ಈಗ ಮಗನಿಗೆ ಬಿಟ್ಟುಕೊಟ್ಟಿದ್ದಾನೆ. ಮೊಟ್ಟೆಯನ್ನು ಸಹ ಮುಟ್ಟದವನು. ನಮ್ಮ ಮನೆಯಲ್ಲಿ ಏನು ಬೇಯುತ್ತಿದೆ ಅನ್ನುವುದು ಅವನಿಗೆ ವಾಸನೆಯಿಂದಲೇ ತಿಳಿಯುತ್ತದೆ, ಆ ದಿನ ತನ್ನ ಕಿಟಕಿ ಮುಚ್ಚಿಕೊಳ್ಳುತ್ತಾನೆ, ಮಾರನೇ ದಿನ ಬಂದು ಚಹಾ ಕುಡಿಯುತ್ತಾನೆ. ಒಂದು ಜನ್ಮಕ್ಕೆ ಇಂಥ ಒಬ್ಬ ನೆರೆಯವನು ಸಾಕು.

ಡಿಸೆಂಬರ್ ಬಂತು. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುತ್ತಾ ಸ್ಟೂಲಿನ ಮೇಲೆ ನಿಂತಿದ್ದೆ. ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದ ಎಸ್ತೇರ್ ಇದ್ದಕ್ಕಿದ್ದಂತೆ, "ರೀ, ನಮ್ಮವ್ವ ಮಾಡತಿದ್ದಳಲ್ಲ, ಹಣ್ಣು ತುಂಬಿದ ರೋಸ್ಟು, ಅದು ತಿನ್ನಬೇಕು ಅನಸ್ಲಿಕತ್ತದ" ಅಂದಳು.

ನಾನು ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. ಕಾಯಿಲೆ ಬಿದ್ದ ಮೇಲೆ ಅವಳು ಇಂಥದ್ದು ಬೇಕು ಅಂತ ಬಾಯಿ ಬಿಟ್ಟದ್ದು ಅದೇ ಮೊದಲು.

"ರುಚಿ ಗೊತ್ತಾಗ್ತದೇನ?" ಅಂತ ಹೆದರುತ್ತಲೇ ಕೇಳಿದೆ.

"ಗೊತ್ತಾಗಲಿಲ್ಲಂದ್ರ ಬಿಡ್ರಿ, ನೆನಪಿನಾಗ ತಿಂತೀನಿ" ಅಂದಳು.

ನಮ್ಮ ಅತ್ತೆಯ ರೋಸ್ಟು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಹೆಸರಾದದ್ದು. ಮಾವ ಗೂಡ್ಸ್ ಗಾಡಿಯ ಗಾರ್ಡ್. ಪಕ್ಕದ ಕ್ವಾರ್ಟರ್ಸಿನಲ್ಲಿ ಗೋವಾ ಕಡೆಯ ಒಂದು ಕುಟುಂಬ ಇತ್ತಂತೆ, ಆ ಮನೆಯ ಹೆಂಗಸಿನಿಂದ ಅತ್ತೆ ಇದನ್ನು ಕಲಿತದ್ದು. ಹಂದಿಮಾಂಸದ ದೊಡ್ಡ ಹಾಳೆ, ಅದರೊಳಗೆ ಹಣ್ಣು ತುಂಬಿ ಸುತ್ತಿ, ದಾರದಿಂದ ಬಿಗಿದು, ಭಟ್ಟಿಯಲ್ಲಿ ಹೊತ್ತುಗಟ್ಟಲೆ ಸುಡುವುದು. ಗೋವಾದವರು ಯಾವ ಹಣ್ಣು ಹಾಕುತ್ತಿದ್ದರೋ ಗೊತ್ತಿಲ್ಲ, ಅತ್ತೆ ಮಾತ್ರ ನೀವು ಎಲಚಿ ಅನ್ನುವ ನಮ್ಮ ಕಡೆಯ ಬಾರಿಹಣ್ಣು, ಪೇರಲ, ಉತ್ತತ್ತಿ, ಒಣದ್ರಾಕ್ಷಿ ಹಾಕುತ್ತಿದ್ದರು. ಉಗಿಬಂಡಿಯ ಕಾಲ, ಕಲ್ಲಿದ್ದಲಿಗೆ ಬರವಿಲ್ಲ. ಎಣ್ಣೆಯ ಡ್ರಮ್ಮು ಕೊಯ್ದು ಮಾಡಿದ ಭಟ್ಟಿ ಒಂದಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ತಿಂದಾಗ ನಾನು ಚಿಮ್ಮನಚೋಡದ ಹುಡುಗ, ಮಾಂಸದೊಳಗೆ ಬಾರಿಹಣ್ಣು ಸಿಕ್ಕಿದ್ದನ್ನು ಕಂಡು ಯಾರೋ ಮಗು ಆಟಕ್ಕೆ ಹಾಕಿದೆ ಅಂದುಕೊಂಡು ತೆಗೆದು ತಟ್ಟೆಯ ಅಂಚಿಗೆ ಇಟ್ಟೆ. ಒಂದಲ್ಲ, ಸಿಕ್ಕದ್ದೆಲ್ಲವನ್ನೂ ಇಟ್ಟೆ. ಮಾವ ಕೈ ಚಾಚಿ ನನ್ನ ತಟ್ಟೆಯಿಂದಲೇ ಎಲ್ಲಾ ಎತ್ತಿಕೊಂಡು ತಿಂದುಬಿಟ್ಟರು.

ಅತ್ತೆ ಹೋದರು, ಡ್ರಮ್ಮು ತುಕ್ಕು ಹಿಡಿದು ಹೋಯಿತು, ಆಮೇಲೆ ನಾವು ಹಬ್ಬಕ್ಕೆ ಕೋಳಿ ಬಿರಿಯಾನಿಗೆ ಬಂದು ನಿಂತೆವು. ಈಗ ಮಾಡಬೇಕೆಂದರೆ ಭಟ್ಟಿ ಎಲ್ಲಿ? ಸೇಡಂನಲ್ಲಿರುವ ಮಗಳು ಗ್ರೇಸ್ ಫೋನಿನಲ್ಲಿ, "ಪಪ್ಪಾ, ನನ್ನ ಕರೆಂಟಿನ ಓವನ್ ತರ್ತೀನಿ" ಅಂದಳು. ಆ ಓವನ್ನನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ಕೋಳಿಯೂ ಮುದುಡಿಕೊಂಡು ಕೂರಬೇಕು.

ನಮ್ಮ ಓಣಿಯ ತುದಿಗೆ ಖಾಜಾ ಭಾಯಿಯ ಬೇಕರಿ ಇದೆ. ಕಟ್ಟಿಗೆಯ ದೊಡ್ಡ ಭಟ್ಟಿ. ಕ್ರಿಸ್‌ಮಸ್ಸಿನ ವಾರ ಊರಿನ ನಮ್ಮ ಜನ ಎಲ್ಲಾ ಮನೆಯಲ್ಲಿ ಕೇಕಿನ ಹಿಟ್ಟು ಕಲಸಿ, ತಟ್ಟೆಗೆ ಸುರಿದು ಅವನ ಬೇಕರಿಗೇ ಒಯ್ಯುವುದು ರೂಢಿ. ತಟ್ಟೆಗಳು ಅದಲುಬದಲು ಆಗದಿರಲಿ ಅಂತ ಒಬ್ಬೊಬ್ಬರದೂ ಒಂದೊಂದು ಗುರುತು. ಒಬ್ಬರು ನಡುವೆ ಗೋಡಂಬಿ ಊರುತ್ತಾರೆ, ನಮ್ಮ ಮನೆಯದು ಮೂಲೆಯಲ್ಲಿ ಒಂದು ಲವಂಗ. ಖಾಜಾ ಭಾಯಿಗೆ ಎಲ್ಲರ ಗುರುತೂ ಬಾಯಿಪಾಠ. ಆದರೆ ಹಂದಿಮಾಂಸವನ್ನು ಆ ಭಟ್ಟಿಗೆ ಇಡುವ ಮಾತು ಬಾಯಿಂದ ಹೊರಗೆ ಬರುವುದು ಹಾಗಿರಲಿ, ಮನಸ್ಸಿನಲ್ಲೂ ಬರಬಾರದು. ಬಂದದ್ದೂ ಇಲ್ಲ. ಆದರೂ ಯಾಕೋ, ರೋಸ್ಟಿನ ಯೋಚನೆ ಶುರುವಾದಾಗಿನಿಂದ ನಾನು ಬೇಕರಿಯ ಮುಂದೆ ಹಾಯುವಾಗ ಎದುರು ಬದಿಗೆ ದಾಟಿಕೊಂಡು, ಮೊಬೈಲ್ ನೋಡುವ ನೆಪ ಮಾಡಿಕೊಂಡು ನಡೆಯತೊಡಗಿದೆ. ಎಲ್ಲಿ ಅವನು ಏನು ವಿಶೇಷ ಅಂತ ಕೇಳಿಬಿಡುತ್ತಾನೋ ಅನ್ನುವ ಮುಜುಗರ.

"ಡ್ರಮ್ಮು ಒಂದು ಕೊಯ್ಸಿದ್ರ ಆಗ್ತದ ನೋಡು" ಅಂದೆ ಶರಣಪ್ಪನಿಗೆ.

ಶರಣಪ್ಪ ನನ್ನನ್ನು ಮರುಕದಿಂದ ನೋಡಿದ. "ಪ್ರಭಣ್ಣ, ಶಹಾಬಾದದಾಗ ಕುಂತು ಡ್ರಮ್ಮಿನ ಮಾತು ಆಡ್ತಿಯಲ್ಲೋ! ನಮ್ಮ ಅಂಗಳದಾಗ ಫರಸಿ ಬಿದ್ದದ. ಕೆಳಗೊಂದು, ಮೇಲೊಂದು, ಮೂರು ಕಡಿ ಮೂರು. ಮುಂದೊಂದು ಬಾಗಿಲಕ್ಕ. ಆಯ್ತಲ್ಲ ಭಟ್ಟಿ?"

"ಬೆಂಕಿಗೆ ಫರಸಿ ಸಿಡಿತದಲ್ಲ?" ಅಂತ ಕೇಳಿದೆ. ಕೇಳಿದ್ದೆ, ಇದನ್ನು ನೀವು ದಯವಿಟ್ಟು ನೆನಪಿಡಬೇಕು.

"ಒಳಗ ಮಣ್ಣು ಮೆತ್ತೋದು. ಮಣ್ಣು ಬೆಂಕಿ ತಡೀತದ, ಫರಸಿ ಮಣ್ಣು ತಡೀತದ."

ಕೇಳಲಿಕ್ಕೆ ಎಷ್ಟು ಚಂದ ಇತ್ತು ಆ ಮಾತು! ಫಿಟ್ಟರನ ಬುದ್ಧಿ ಅಲ್ಲಿಗೇ ಮರುಳಾಯಿತು. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಲುಂಗಿ ಎತ್ತಿ ಕಟ್ಟಿಕೊಂಡು ನಮ್ಮ ಹಿತ್ತಲಲ್ಲಿ ಕಟ್ಟಿದೆವು. ಹೊಟ್ಟು ಕಲಸಿದ ಮಣ್ಣು ಒಳಗೆ ನುಣ್ಣಗೆ ಮೆತ್ತಿದೆವು. ಶರಣಪ್ಪ ಮೇಲಿನ ಕಲ್ಲನ್ನು ಅಂಗೈಯಿಂದ ತಟ್ಟಿ, "ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದ" ಅಂದ. ಎಸ್ತೇರ್ ಕಿಟಕಿಯಿಂದ ನೋಡಿ, "ಮೆತ್ತಿದ ಮಣ್ಣು ಇನ್ನೂ ಹಸಿ ಅದರಿ" ಅಂದಳು. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಪರೀಕ್ಷೆ. ಒಳಗೆ ಜಾಲಿ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟೆವು. ಭಟ್ಟಿ ಚೆನ್ನಾಗಿಯೇ ಹೊಗೆಯಾಡಿತು. ನಾವು ಎದುರಿಗೆ ಕುರ್ಚಿ ಹಾಕಿಕೊಂಡು, ಚಹಾ ಹಿಡಿದು, ಸಿನೆಮಾ ನೋಡುವವರ ಹಾಗೆ ಕೂತೆವು. ಮೊದಲು ಒಳಗಿನ ಮಣ್ಣು ಬಿರುಕು ಬಿಟ್ಟು ಹಪ್ಪಳದ ಹಾಗೆ ಎದ್ದಿತು. ಆಮೇಲೆ ಟಪ್ ಅಂತ ಒಂದು ಸದ್ದು. ಶರಣಪ್ಪ, "ಕಟ್ಟಿಗಿ ಗಂಟು" ಅಂದ. ಆಮೇಲೆ ಇನ್ನೊಂದು ಟಪ್. ಅದಾದ ಮೇಲೆ ಶುರುವಾಯಿತು ನೋಡಿ, ದೀಪಾವಳಿಯ ಸರಪಟಾಕಿ! ಫರಸಿ ಪದರ ಪದರವಾಗಿ ಸಿಡಿದು ಹಿತ್ತಲ ತುಂಬಾ ಹಾರತೊಡಗಿತು. ಒಂದು ತುಂಡು ನನ್ನ ಕಿವಿಯ ಪಕ್ಕದಿಂದ ಸುಂಯ್ ಅಂತ ಹೋಗಿ ಬಚ್ಚಲ ಬಾಗಿಲಿಗೆ ಬಡಿಯಿತು. ಇಬ್ಬರೂ ಕುರ್ಚಿ ಕೆಡವಿಕೊಂಡು ಒಂದೇ ಬಾಗಿಲಲ್ಲಿ ಒಮ್ಮೆಲೇ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡೆವು. ಓಣಿಯವರೆಲ್ಲಾ ಬಂದು, "ಏನ್ ಅಣ್ಣೋರ, ಕ್ರಿಸ್‌ಮಸ್ಸಿನ ಪಟಾಕಿ ಈಗೇ ಶುರು ಮಾಡೀರಿ?" ಅಂತ ಕೇಳಿದರು. ಕೊನೆಗೆ ಮೇಲಿನ ಚಪ್ಪಡಿ ನಡು ಮುರಿದು ಬೆಂಕಿಯ ಮೇಲೆಯೇ ಬಿತ್ತು.

ಶರಣಪ್ಪ ಧೂಳು ಝಾಡಿಸಿಕೊಳ್ಳುತ್ತಾ, "ಕಲ್ಲು ಚಲೋ ಇರಲಿಲ್ಲ ಅನಸ್ತದ" ಅಂದ. ಕಲ್ಲು ಅವನದೇ.

ಆ ಸಂಜೆ ನನ್ನ ತಲೆ ಕೆಟ್ಟುಹೋಗಿತ್ತು. ಹಬ್ಬ ಹತ್ತಿರ ಬಂದಿತ್ತು. ಎಸ್ತೇರ್ ಸಮಾಧಾನ ಹೇಳಲು, "ಬಿಡ್ರಿ, ಬಿರಿಯಾನಿನೇ ಮಾಡಿದ್ರಾಯ್ತು. ನನಗೆಲ್ಲಾ ಒಂದೇ" ಅಂದಳು. ಆ "ನನಗೆಲ್ಲಾ ಒಂದೇ" ಅನ್ನುವುದು ಬಿರಿಯಾನಿಯ ಮೇಲಿನ ಮಾತಲ್ಲ ಅಂತ ನನಗೆ ಗೊತ್ತಿತ್ತು. ಒಂದು ಆಸೆ ಹುಟ್ಟಿತ್ತು, ಅದು ಅಲ್ಲೇ ಕಮರಿಹೋದರೆ ಇನ್ನೊಂದು ಹುಟ್ಟುತ್ತದೋ ಇಲ್ಲವೋ. ನನಗೆ ಹೆದರಿಕೆ ಇದ್ದದ್ದು ಅದೇ.

ಆಗ ಗೇಟಿನ ಸದ್ದಾಯಿತು. ಖಾಜಾ ಭಾಯಿ. ತಲೆಯ ಮೇಲೆ ಮೈದಾ, ಮುಖದ ಮೇಲೆ ಸಿಟ್ಟು.

"ಪ್ರಭು ಭಾಯಿ, ನಾ ಏನ್ ತಪ್ಪ ಮಾಡೀನ್ರಿ?"

"ಇಲ್ಲಲ್ಲ ಭಾಯಿ, ಬರ್ರಿ, ಕುಂದ್ರಿ."

"ಕುಂದ್ರಲ್ಲ. ಒಂದ ವಾರ ಆಯ್ತು, ನನ್ನ ದುಕಾನ್ ಮುಂದಿಂದ ಕಳ್ಳರ ಗತಿ ಹೋಗ್ಲಿಕತ್ತೀರಿ. ಇವತ್ತ ನೋಡಿದ್ರ ಫರಸಿ ಸಿಡಿಸಿ ಕುಂತೀರಿ. ಯಾಕಂತ ಶರಣಪ್ಪ ಗೌಡ್ರು ಎಲ್ಲಾ ಹೇಳಿದ್ರು. ಊರಾಗ ಭಟ್ಟಿ ಕಟ್ಟೋದು ಗೊತ್ತಿದ್ದವರು ಯಾರದಾರ? ನನಗ ಯಾಕ ಕೇಳಲಿಲ್ಲ?"

ನಾನು ತಡವರಿಸಿದೆ. "ಭಾಯಿ, ಅದು... ಯಾವ ಮಾಂಸ ಅಂತ ನಿಮಗ ಗೊತ್ತಲ್ಲ..."

"ಗೊತ್ತು. ನಿಮ್ಮ ಹಬ್ಬ ಏನು ಇವತ್ತ ನೋಡ್ಲಿಕತ್ತೀನೇನ? ನನ್ನ ಭಟ್ಟಿ ಕೊಡ್ಲಿಕ್ಕ ಬರಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು, ನೀವೂ ಕೇಳಲ್ಲ. ಖರೆ. ಆದ್ರ ನಿಮ್ಮ ಹಿತ್ತಲದಾಗ ನಿಮ್ಮ ಭಟ್ಟಿ ಕಟ್ಟಿಕೊಡೂ ಅಂದ್ರ ನಾ ಇಲ್ಲ ಅಂತಿದ್ನೇನ್ರಿ? ಅದರಾಗ ಆಮ್ಯಾಲ ನೀವು ಏನ್ ಇಡ್ತೀರಿ ಅದು ನಿಮ್ಮ ಮಾತು. ಭಾಭಿ ಮೈಯಾಗ ಹುಷಾರಿಲ್ಲದಾಗ ನಾ ಪಾವ್ ಒಯ್ದುಕೊಟ್ರ ಆಕಿ ಚಹಾದಾಗ ನೆನಿಸಿ ತಿಂದಾಳ. ಆಕಿ ಏನರ ತಿನ್ನಬೇಕು ಅಂತಾಳ ಅಂದ್ರ ನನಗ ಹೇಳಬೇಕಿಲ್ಲೇನ್ರಿ ನೀವು?"

ಆ ಮನುಷ್ಯನ ಮುಜುಗರ ತಪ್ಪಿಸಲು ನಾನು ಒದ್ದಾಡಿದ್ದೆ, ಅವನು ನನ್ನ ಮುಜುಗರವನ್ನೇ ಒಂದು ಅಪರಾಧ ಮಾಡಿ ನನ್ನ ಮುಂದೆ ಇಟ್ಟಿದ್ದ. ಒಳಗಿನಿಂದ ಎಸ್ತೇರ್ ಒಡೆದ ದನಿಯಲ್ಲಿ, "ಬೈರಿ ಭಾಯಿ, ನನ್ನ ಕಡಿಂದೂ ಸ್ವಲ್ಪ ಬೈರಿ" ಅಂದಳು.

ಮರುದಿನ ಕೈಗಾಡಿಯಲ್ಲಿ ಇಟ್ಟಂಗಿ ಬಂತು. ಅವನ ತಂದೆಯ ಕಾಲದ ಭಟ್ಟಿಯನ್ನು ಒಡೆದಾಗ ತೆಗೆದಿಟ್ಟಿದ್ದ ಇಟ್ಟಂಗಿಗಳು. "ಇವು ಬೆಂಕಿ ಉಂಡ ಇಟ್ಟಂಗಿ, ಇನ್ನ ಸಿಡಿಯಲ್ಲ" ಅಂದ. ಶರಣಪ್ಪ ಮಣ್ಣು ಕಲಸಿದ, ನಾನು ಇಟ್ಟಂಗಿ ಎತ್ತಿಕೊಟ್ಟೆ, ಖಾಜಾ ಭಾಯಿ ಗುಮ್ಮಟದ ಹಾಗೆ ಬಾಗಿಸಿ ಕಟ್ಟಿದ. ಕಟ್ಟುತ್ತಾ ಶರಣಪ್ಪನನ್ನು, "ಗೌಡ್ರೇ, ಇದರ ಮ್ಯಾಲ ಒಂದ್ ಫರಸಿ ಇಡೋಣೇನ್ರಿ?" ಅಂತ ಕೆಣಕುತ್ತಿದ್ದ. ಇವನು ಕೇಳಿಸದವನ ಹಾಗೆ ಮಣ್ಣು ತುಳಿಯುತ್ತಿದ್ದ. ಸಣ್ಣ ಬೆಂಕಿಯಲ್ಲಿ ಒಣಗಿಸಿದ ಮೇಲೆ ಖಾಜಾ ಭಾಯಿ ನನಗೆ ಒಂದು ಪಾಠ ಹೇಳಿಕೊಟ್ಟ: ಕೆಂಡ ಹೊರಗೆ ಎಳೆದ ಮೇಲೆ ಒಳಗೆ ಒಂದು ಚಿಟಿಕೆ ಮೈದಾ ಎರಚಬೇಕು. ಕೂಡಲೇ ಕಪ್ಪಾದರೆ ಕಾಯಬೇಕು, ನಿಧಾನಕ್ಕೆ ಕೆಂಪಾದರೆ ಇಡಬಹುದು. "ಇದು ಪಾವಿನ ಲೆಕ್ಕ. ನಿಮ್ಮದಕ್ಕ ಎಷ್ಟು ಹೊತ್ತು ಅಂತ ನನಗ ಖುದಾ ಕಸಮ್ ಗೊತ್ತಿಲ್ಲ" ಅಂತ ನಕ್ಕ. "ನಿಮ್ಮ ಸಾಮಾನು ಬರೂದರಾಗ ನಾ ಹೋಗ್ತೀನಿ. ಹಬ್ಬದ ದಿನ ಕೇಕಿಗೆ ಬರ್ತೀನಿ."

ಸಾಮಾನು ತರಲು ನಾನು ಹಬ್ಬದ ಹಿಂದಿನ ದಿನ ವಾಡಿಗೆ ಹೋದೆ. ಕ್ವಾರ್ಟರ್ಸಿನ ಹಿಂದೆ ಒಬ್ಬರು ಹಬ್ಬಕ್ಕೆ ಮಾತ್ರ ಹೇಳಿ ತರಿಸಿಕೊಡುತ್ತಾರೆ. ಚರ್ಮ ಇಟ್ಟು, ಮೂಳೆ ತೆಗೆದು, ಹಾಸಿಗೆಯ ಹಾಗೆ ಬಿಡಿಸಿ ಕೊಟ್ಟರು. ಐಸು ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಪ್ಯಾಸೆಂಜರ್ ಗಾಡಿ ಹತ್ತಿದೆ. ಎದುರಿಗೆ ಕೂತ ಅಜ್ಜಿ ಚೀಲವನ್ನೇ ನೋಡುತ್ತಾ, "ಏನ್ ತಮ್ಮಾ, ಭಾಳ ಜೋಪಾನ ಹಿಡಕೊಂಡೀದಿ?" ಅಂದಳು. "ಹಬ್ಬದ ಸಾಮಾನ ಅಮ್ಮಾ" ಅಂದೆ. "ಬಂಗಾರೇನು?" ಅಂದಳು. "ಹಂಗ ತಿಳೀರಿ" ಅಂದೆ. ಅಜ್ಜಿ ಶಹಾಬಾದ್ ಬರುವವರೆಗೂ ನನ್ನ ಚೀಲಕ್ಕೆ ಕಾವಲು ಕೂತಿದ್ದಳು, ಪಾಪ.

ಹಣ್ಣಿನ ಜವಾಬ್ದಾರಿ ಶರಣಪ್ಪನ ಮನೆಯದು. ಮುಧೋಳದ ಹೊಲದ ಬದುವಿನಿಂದ ಬಾರಿಹಣ್ಣು ತರಿಸಿದ್ದ. ಅವನ ಹೆಂಡತಿ ಗೌರಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಒಂದೊಂದೇ ಬೀಜ ತೆಗೆದು, ಪೇರಲ ಹೆಚ್ಚಿ, ಉತ್ತತ್ತಿ ನೆನೆಸಿ ಬಿಡಿಸಿಕೊಟ್ಟಳು. ಖಾಜಾ ಭಾಯಿಯ ಒಣಗಿದ ಪಾವು ಪುಡಿ ಮಾಡಿ ಅದಕ್ಕೆ ಸೇರಿಸಿದೆವು. ಎಸ್ತೇರ್ ಕುರ್ಚಿಯಲ್ಲಿ ಕೂತು ಬಾಯಿಂದ ಅಡುಗೆ ಮಾಡಿಸಿದಳು. "ಮೆಣಸು ಒಂದ್ ಹಿಡಿ. ಬೆಳ್ಳುಳ್ಳಿ ಜಜ್ಜರಿ, ಹೆಚ್ಚಬ್ಯಾಡ್ರಿ. ಹುಳಿಗೆ ಸಿರ್ಕಾ ಈಗ ಹಾಕ್ರಿ, ಉಪ್ಪು ಕಡೀಕ." ಕಲಸಿದ ಹಣ್ಣನ್ನು ಶರಣಪ್ಪನಿಗೆ ಒಂದು ಬಟ್ಟಲಲ್ಲಿ ಕೊಟ್ಟೆ, ಇನ್ನೂ ಮಾಂಸ ಮುಟ್ಟಿರಲಿಲ್ಲ. ಆತ ತಿಂದ, ಕಣ್ಣು ಮುಚ್ಚಿದ, ಮತ್ತೊಂದು ಬಟ್ಟಲು ಕೇಳಿದ. "ಪ್ರಭಣ್ಣ, ಇದು ಇಷ್ಟ ಚಲೋ ಆಗ್ಯಾದ. ಇದರ ಹೊರಗ ಮತ್ತ ಆ ಮಾಂಸ ಯಾಕ ಬೇಕೋ? ಇಷ್ಟೇ ತಿಂದು ಏಳ್ರಲ್ಲ!" ಎಸ್ತೇರ್ ನಕ್ಕಳು. ನಗುವಾಗ ಅವಳಿಗೆ ಗಂಟಲು ನೋಯುತ್ತದೆ, ಆದರೂ ನಕ್ಕಳು. ನನಗೆ ಹಿಗ್ಗಿ ಹಿಗ್ಗಿ ಏನು ಮಾಡುತ್ತಿದ್ದೇನೆ ಅನ್ನುವುದೇ ತಿಳಿಯಲಿಲ್ಲ. ಹಣ್ಣು ಹರಡಿದೆ, ರೈಲಿನಲ್ಲಿ ಹಾಸಿಗೆ ಸುತ್ತುವ ಹಾಗೆ ಸುತ್ತಿದೆ, ಸುತಳಿಯಿಂದ ಬಿಗಿದೆ. ಬಿಗಿಯುವುದರಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸಲಾರರು, ಅದು ಇಲಾಖೆ ಕಲಿಸಿದ ವಿದ್ಯೆ.

ಹಬ್ಬದ ಬೆಳಿಗ್ಗೆ ಚರ್ಚಿಗೆ ಹೋಗುವ ಮೊದಲೇ ಭಟ್ಟಿಗೆ ಬೆಂಕಿ. ಮೈದಾ ಎರಚಿ, ಕೆಂಪಾದದ್ದು ನೋಡಿ, ಒಳಗಿಟ್ಟು, ಬಾಯಿ ಮುಚ್ಚಿ ಮಣ್ಣು ಮೆತ್ತಿದೆ. ಚರ್ಚಿನಲ್ಲಿ ಪಾಸ್ಟರ್ ಏನು ಹೇಳಿದರೋ ಕರ್ತನಿಗೇ ಗೊತ್ತು. ದನದ ಕೊಟ್ಟಿಗೆ ಅಂದಾಗಲೆಲ್ಲಾ ನನಗೆ ನಮ್ಮ ಹಿತ್ತಲು ಕಾಣುತ್ತಿತ್ತು.

ಮಧ್ಯಾಹ್ನ ಭಟ್ಟಿಯ ಬಾಯಿ ಒಡೆದು ಹೊರಗೆ ತೆಗೆದಾಗ ಆ ವಾಸನೆಯೊಂದೇ ಸಾಕಿತ್ತು. ಚರ್ಮ ಕೆಂಪಗೆ, ಕಟುಂ ಅನ್ನುವ ಹಾಗೆ. ಸುತಳಿ ಬಿಚ್ಚಿ ಕೊಯ್ದರೆ ನಡುವೆ ಹಣ್ಣಿನ ಸುರುಳಿ, ಅತ್ತೆಯದ್ದೇ ಎದುರು ಬಂದು ಕೂತ ಹಾಗೆ. ಶರಣಪ್ಪ ಗೌರಮ್ಮನವರಿಗೆ ಆಚೆ ಪಡಸಾಲೆಯಲ್ಲಿ ಅವರ ಮನೆಯಿಂದಲೇ ಬಂದ ಹೋಳಿಗೆ ಊಟ, ನಮ್ಮ ಕಡೆಯಿಂದ ಹಣ್ಣಿನ ಬಟ್ಟಲು. ಈಚೆ ಮೇಜಿಗೆ ನಾನು, ಎಸ್ತೇರ್, ಗ್ರೇಸ್, ಅಳಿಯ. ನಾನು ಪ್ರಾರ್ಥನೆ ಮಾಡಿದೆ, ಎಂದಿನ ಮಾತುಗಳೇ. ಎಸ್ತೇರಳಿಗೆ ತೆಳ್ಳಗೆ ಕೊಯ್ದು, ನುಂಗಲು ಸುಲಭವಾಗಲಿ ಅಂತ ರಸ ಸುರಿದು ಕೊಟ್ಟೆ.

ಅಳಿಯ ಒಂದು ತುಂಡು ತಿಂದು, "ಭಾಳ ಮಸ್ತ್ ಆಗ್ಯಾದ ಮಾವ" ಅಂದ. ಗ್ರೇಸ್, "ಹೌದು ಪಪ್ಪಾ, ಫಸ್ಟ್ ಕ್ಲಾಸ್" ಅಂದಳು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನನ್ನ ಕಣ್ಣು ಎಸ್ತೇರಳ ಬಾಯಿಯ ಮೇಲೆ. ಅವಳು ನಿಧಾನಕ್ಕೆ ಅಗಿಯುತ್ತಿದ್ದಳು. ಈಗ "ಚಲೋ ಆಗ್ಯಾದ್ರಿ" ಅನ್ನುತ್ತಾಳೆ, ನಾನು ನಗಬೇಕು, ಅಂತ ಮುಖ ಸಿದ್ಧ ಮಾಡಿಕೊಂಡು ಕೂತಿದ್ದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು.

"ಇದಕ್ಕ ಉಪ್ಪು ಯಾರು ಹಾಕ್ಯಾರ?"

ಶರಣಪ್ಪ ಹೊಗಳಿದ ಗಡಿಬಿಡಿಯಲ್ಲಿ ನಾನು ಹಣ್ಣಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಈಗ ನನ್ನ ಬಾಯಲ್ಲೂ ಅದು ತಿಳಿಯಿತು.

"ಮಾಂಸಕ್ಕ ಮ್ಯಾಲ ಸವರೀರಿ, ಒಳಗ ಹಣ್ಣಿಗೆ ಒಂದ್ ಕಾಳ ಉಪ್ಪಿಲ್ಲ! ಸಪ್ಪನ್ನ ಸಪ್ಪ! ನೀವು, ಶರಣಪ್ಪಣ್ಣ, ಖಾಜಾ ಭಾಯಿ, ಊರಿಗೂರೇ ಕೂಡಿ ಮಾಡೀರಿ, ಒಬ್ಬರಿಗರ ಉಪ್ಪಿನ ನೆನಪ ಆಗಲಿಲ್ಲೇನ್ರಿ? ನಮ್ಮವ್ವ ಇದ್ದಿದ್ರ..." ಅಂದವಳು ಅರ್ಧಕ್ಕೆ ನಿಂತಳು. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು. ತಟ್ಟೆಯಿಂದ ಒಂದು ಬಾರಿಹಣ್ಣು ಹೆಕ್ಕಿ ನಾಲಿಗೆಯ ಮೇಲಿಟ್ಟುಕೊಂಡಳು. "ಹುಳಿ ಅದ" ಅಂದಳು, ಮೆಲ್ಲಗೆ. "ರೀ... ಇದು ಹುಳಿ ಅದ."

ಗ್ರೇಸ್ ಎದ್ದು ಬಂದು ಅವ್ವನ ಕುತ್ತಿಗೆಗೆ ಜೋತುಬಿದ್ದಳು. ಪಡಸಾಲೆಯಿಂದ ಶರಣಪ್ಪ ಗಾಬರಿಯಿಂದ, "ಏನಾಯ್ತೋ ಪ್ರಭಣ್ಣ?" ಅಂತ ಕೂಗಿದ. "ಬೈಸಿಕೊಂಡೆನಪ್ಪಾ, ಬೈಸಿಕೊಂಡೆ!" ಅಂದೆ. ಏನು ಮಾಡಬೇಕೋ ತಿಳಿಯದೆ, ಊಟದ ನಡುವೆಯೇ, ಎಂಜಲು ಕೈಯಲ್ಲೇ ಎದ್ದು ನಿಂತು ಕಣ್ಣು ಮುಚ್ಚಿದೆ. "ಕರ್ತನೇ," ಅಂದೆ, "ಈ ಉಪ್ಪು ಮರೆತದ್ದಕ್ಕಾಗಿ ನಿನಗೆ ಸ್ತೋತ್ರ. ಈ ಬಾಯಿಗಾಗಿ, ಈ ಬೈಗುಳಕ್ಕಾಗಿ, ಆ ಇಟ್ಟಂಗಿಗಾಗಿ, ಆ ಬಾರಿಹಣ್ಣಿಗಾಗಿ..."

"ರೀ," ಅಂದಳು ಎಸ್ತೇರ್, ಕಣ್ಣೊರೆಸಿಕೊಳ್ಳುತ್ತಾ, "ಪ್ರಾರ್ಥನಿ ಆಮ್ಯಾಲ ಮಾಡ್ರಿ. ಮದಲ ಹೋಗಿ ಉಪ್ಪಿನ ಡಬ್ಬಿ ತರ್ರಿ."

ನಾನು ಆಮೆನ್ ಕೂಡ ಹೇಳದೆ ಓಡಿದೆ.